ಗಣಕಯಂತ್ರಕ್ಕೆ ಮನೆಮದ್ದು

ಸಿದ್ಧ ಉಡುಪಿನ ಅಂಗಡಿಯಿಂದ ತಂದ ಅಂಗಿಯ ತೋಳು ಒಂದು ಅಂಗುಲ ಉದ್ದವಾದರೆ ಯಾರೂ ಅದನ್ನು ಬೀದಿಗೆ ಎಸೆಯುವುದಿಲ್ಲ. ಮಡಿಸಿ ಹೊಲಿದು ತೊಡುತ್ತಾರೆ. ಗಣಕಯಂತ್ರದ ತಂತ್ರಾಂಶವೂ ಸಿದ್ಧ ಉಡುಪೇ. ಅದನ್ನು ರಚಿಸಿದವರು ಯಾರೋ ಒಬ್ಬ ಗಿರಾಕಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಅವನ ಅಳತೆಗೆ ಎಲ್ಲವನ್ನೂ ಕತ್ತರಿಸಿರುತ್ತಾರೆ. ಆ ಗಿರಾಕಿ ಹೆಚ್ಚಾಗಿ ಅಮೆರಿಕದವನು, ತಾರೀಖು ಬರೆಯುವಾಗ ತಿಂಗಳನ್ನು ಮೊದಲು ಹೇಳುವವನು, ಇಂಗ್ಲಿಷಿನಲ್ಲಿಯೇ ವ್ಯವಹರಿಸುವವನು, ಕಣ್ಣು ಕೈಗಳು ಚುರುಕಾಗಿರುವವನು. ಅಂಥ ಉಡುಪು ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಒಂದು ಮನೆಗೆ ಬಂದಾಗ ಅಲ್ಲಲ್ಲಿ ಬಿಗಿಯಾಗುವುದೂ ಅಲ್ಲಲ್ಲಿ ಸಡಿಲವಾಗುವುದೂ ಸಹಜವೇ.

ಅಳತೆಯನ್ನು ತಿದ್ದಿಕೊಳ್ಳುವ ಅನುಕೂಲವನ್ನು ತಯಾರಕರೇ ಒಳಗೆ ಇಟ್ಟಿರುತ್ತಾರೆ. ಆದರೆ ಬಹುಮಂದಿ ಅದನ್ನು ತೆರೆದು ನೋಡುವುದಿಲ್ಲ. "ಯಂತ್ರ ಕೆಟ್ಟಿದೆ" ಎಂದು ನಿರ್ಧರಿಸಿ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. ಅವನು ನಾಲ್ಕು ಗುಂಡಿ ಒತ್ತಿ ಸರಿಮಾಡಿ ಹೋಗುತ್ತಾನೆ. ಏನು ಮಾಡಿದನೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮುಂದಿನ ತಿಂಗಳು ಮತ್ತೆ ಅವನನ್ನೇ ಕಾಯಬೇಕು. ಕೆಳಗೆ ಹೇಳಿರುವ ಉಪಾಯಗಳಿಗೆ ಯಾವ ಪದವಿಯೂ ಬೇಕಿಲ್ಲ. ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು. ವಿಂಡೋಸ್ ಯಂತ್ರಗಳನ್ನೂ ಅವುಗಳಲ್ಲಿ ಬಳಕೆಯಲ್ಲಿರುವ ವರ್ಡ್, ಎಕ್ಸೆಲ್ ತಂತ್ರಾಂಶಗಳನ್ನೂ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದೆ. ಆವೃತ್ತಿಯಿಂದ ಆವೃತ್ತಿಗೆ ಹೆಸರುಗಳು ಅಲ್ಪಸ್ವಲ್ಪ ಬದಲಾಗಬಹುದಾದರೂ ವಿಷಯ ಒಂದೇ.

ತಿರುಗುಮುರುಗಾದ ತಾರೀಖು

ಮನೆಯ ಯಜಮಾನರು ವಿಮೆಯ ಕಂತು, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ ಇವುಗಳ ಗಡುವನ್ನು ಎಕ್ಸೆಲ್ ಕೋಷ್ಟಕದಲ್ಲಿ ಬರೆದಿಡುತ್ತಾರೆಂದುಕೊಳ್ಳೋಣ. ಏಪ್ರಿಲ್ 5ನೆಯ ತಾರೀಖನ್ನು 05-04-2025 ಎಂದು ನಮೂದಿಸುತ್ತಾರೆ. ಯಂತ್ರ ಅಮೆರಿಕದ ಕ್ರಮದಲ್ಲಿದ್ದರೆ ಅದು ಇದನ್ನು ಮೇ 4 ಎಂದು ಗ್ರಹಿಸುತ್ತದೆ. 25-04-2025 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳು ಎಂಬುದೊಂದಿಲ್ಲವಾದುದರಿಂದ ಅದನ್ನು ತಾರೀಖೆಂದೇ ಒಪ್ಪದೆ ಕೇವಲ ಅಕ್ಷರಸಾಲಾಗಿ ಬಿಟ್ಟುಬಿಡುತ್ತದೆ. ಹೀಗೆ ಒಂದೇ ಪಟ್ಟಿಯಲ್ಲಿ ಕೆಲವು ತಾರೀಖುಗಳು ತಪ್ಪಾಗಿಯೂ ಕೆಲವು ನಿರ್ಜೀವವಾಗಿಯೂ ಉಳಿಯುತ್ತವೆ. ಯಂತ್ರ ಒಂದು ಮಾತನ್ನೂ ಆಡುವುದಿಲ್ಲ. ಒಂದು ತಿಂಗಳ ತಡವಾದ ಮೇಲೆ ವಿಮಾ ಕಚೇರಿಯಿಂದ ಕಾಗದ ಬಂದಾಗಲೇ ಪ್ರಮಾದ ಬೆಳಕಿಗೆ ಬರುವುದು.

ಇದನ್ನು ಕಂಡುಹಿಡಿಯುವ ಬಗೆ ಸುಲಭ. ಯಂತ್ರ ತಾರೀಖೆಂದು ಒಪ್ಪಿಕೊಂಡದ್ದು ಮನೆಯ ಬಲ ಅಂಚಿಗೆ ಒರಗಿ ನಿಲ್ಲುತ್ತದೆ. ಒಪ್ಪದೆ ಬಿಟ್ಟದ್ದು ಎಡ ಅಂಚಿಗೆ ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಇದ್ದರೆ ರೋಗ ಇದೇ. ಪರಿಹಾರವಾಗಿ ವಿಂಡೋಸಿನ 'ಸೆಟ್ಟಿಂಗ್ಸ್' ತೆರೆದು, 'ಟೈಮ್ ಅಂಡ್ ಲಾಂಗ್ವೇಜ್' ಎಂಬಲ್ಲಿ ಪ್ರದೇಶದ ರೂಪವನ್ನು 'ಇಂಗ್ಲಿಷ್, ಇಂಡಿಯಾ' ಅಥವಾ 'ಕನ್ನಡ' ಎಂದು ಬದಲಾಯಿಸಬೇಕು. ಇದರಿಂದ ತಾರೀಖು ಸರಿಹೋಗುವುದಲ್ಲದೆ ಲಕ್ಷ ರೂಪಾಯಿಯೂ 1,00,000 ಎಂದು ನಮ್ಮ ಪದ್ಧತಿಯಂತೆ ಅಲ್ಪವಿರಾಮ ಪಡೆಯುತ್ತದೆ. ಆದರೆ ಒಂದು ಎಚ್ಚರಿಕೆ: ಹಿಂದೆ ತಪ್ಪಾಗಿ ಗ್ರಹಿಸಿದ ತಾರೀಖುಗಳು ಈ ಬದಲಾವಣೆಯಿಂದ ತಾವಾಗಿಯೇ ಸರಿಹೋಗುವುದಿಲ್ಲ. ಅವನ್ನು ಒಂದೊಂದಾಗಿ ನೋಡಿ ಪುನಃ ಬರೆಯಲೇಬೇಕು.

ಕೆಲವೊಮ್ಮೆ ತಾರೀಖಿನ ಜಾಗದಲ್ಲಿ 45658 ಎಂಬಂಥ ವಿಚಿತ್ರ ಅಂಕೆ ಕಾಣಿಸಿಕೊಳ್ಳುವುದುಂಟು. ಗಾಬರಿಗೆ ಕಾರಣವಿಲ್ಲ. ಎಕ್ಸೆಲ್ 1900ನೆಯ ಇಸವಿಯ ಜನವರಿ 1ನ್ನು ಒಂದೆಂದು ಎಣಿಸಿ, ಮುಂದಿನ ಪ್ರತಿ ದಿನಕ್ಕೂ ಒಂದೊಂದು ಸೇರಿಸುತ್ತ ಹೋಗುತ್ತದೆ. 45658 ಎಂದರೆ 2025ರ ಜನವರಿ 1. ಆ ಮನೆಯ ರೂಪವನ್ನು 'ಡೇಟ್' ಎಂದು ಬದಲಾಯಿಸಿದರೆ ತಾರೀಖು ಮತ್ತೆ ಮುಖ ತೋರಿಸುತ್ತದೆ.

ಅಂಕೆಗಳ ಅತಿಬುದ್ಧಿ

ಇದೇ ಕೋಷ್ಟಕ ಆಧಾರ್ ಸಂಖ್ಯೆಯ ವಿಷಯದಲ್ಲಿಯೂ ಅತಿಬುದ್ಧಿಯನ್ನು ತೋರಿಸುತ್ತದೆ. 12 ಅಂಕೆಗಳ ಆ ಸಂಖ್ಯೆಯನ್ನು ಅದು ಹಣದ ಮೊತ್ತದಂತೆ ಭಾವಿಸಿ, ವಿಜ್ಞಾನಿಗಳು ಬರೆಯುವಂತೆ ದಶಾಂಶ ಮತ್ತು ಘಾತಗಳಲ್ಲಿ ಕುಗ್ಗಿಸಿ ತೋರಿಸುತ್ತದೆ. ಬೆಂಗಳೂರಿನ ದೂರವಾಣಿ ಸಂಕೇತವಾದ 080 ಎಂಬುದು ಮೊದಲ ಸೊನ್ನೆಯನ್ನು ಕಳೆದುಕೊಂಡು 80 ಆಗುತ್ತದೆ. ಬ್ಯಾಂಕಿನ ಕಾರ್ಡಿನ 16 ಅಂಕೆಗಳನ್ನು ಬರೆದರೆ ಕೊನೆಯ ಅಂಕೆ ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತದೆ. ಏಕೆಂದರೆ ಎಕ್ಸೆಲ್ ಯಾವ ಸಂಖ್ಯೆಯಲ್ಲಿಯೂ 15 ಅಂಕೆಗಳಿಗಿಂತ ಹೆಚ್ಚನ್ನು ನೆನಪಿನಲ್ಲಿಡುವುದಿಲ್ಲ. ಹೀಗೆ ಹೋದ ಅಂಕೆ ಮತ್ತೆ ಬಾರದು.

ಕೂಡಿ ಕಳೆಯಬೇಕಾದುದು ಮಾತ್ರ ಸಂಖ್ಯೆ. ಉಳಿದುದೆಲ್ಲ ಹೆಸರಿದ್ದಂತೆ ಎಂಬುದನ್ನು ನೆನಪಿಟ್ಟರೆ ಸಾಕು. ಆಧಾರ್, ದೂರವಾಣಿ, ಖಾತೆ, ಪಿನ್ ಸಂಖ್ಯೆಗಳನ್ನು ಬರೆಯುವ ಮೊದಲೇ ಆ ಸಾಲನ್ನು 'ಟೆಕ್ಸ್ಟ್' ಎಂದು ಗುರುತಿಸಬೇಕು, ಅಥವಾ ಅಂಕೆಗಳ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಬೇಕು. ಬರೆದಾದ ಮೇಲೆ ಗುರುತಿಸಿ ಪ್ರಯೋಜನವಿಲ್ಲ.

ಈ ತೊಂದರೆ ಗೃಹಸ್ಥರಿಗಷ್ಟೇ ಮೀಸಲೆಂದು ತಿಳಿಯಬಾರದು. ವಂಶವಾಹಿಗಳನ್ನು ಅಭ್ಯಸಿಸುವ ವಿಜ್ಞಾನಿಗಳು 'ಮಾರ್ಚ್ 1', 'ಸೆಪ್ಟ್ 1' ಎಂಬ ಹೆಸರಿನ ವಂಶವಾಹಿಗಳನ್ನು ಕೋಷ್ಟಕಕ್ಕೆ ಸೇರಿಸಿದಾಗಲೆಲ್ಲ ಅವು ತಾರೀಖುಗಳಾಗಿ ಮಾರ್ಪಟ್ಟು ಸಂಶೋಧನೆಯ ಪಟ್ಟಿಗಳೇ ಕೆಡುತ್ತಿದ್ದವು. ಕಡೆಗೆ 2020ರಲ್ಲಿ, ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಆ ಹೆಸರುಗಳನ್ನೇ ಬದಲಾಯಿಸಿತು. ಈ ತಾನಾಗಿ ತಿದ್ದುವ ಗುಣವನ್ನು ನಿಲ್ಲಿಸಲು ಮೈಕ್ರೋಸಾಫ್ಟ್ ಸಂಸ್ಥೆ ಎಕ್ಸೆಲ್‌ನಲ್ಲಿ ಅವಕಾಶ ಕಲ್ಪಿಸಿದ್ದು 2023ರಲ್ಲಿ.

ಕನ್ನಡ ಅಕ್ಷರ ಅಳಿಸಿಹೋಯಿತೆ?

ಇನ್ನು ಮನೆಮನೆಯಲ್ಲೂ ನಡೆಯುವ ಮತ್ತೊಂದು ಸಂಗತಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ತಾತ ಬರೆದ ಊರಿನ ಕಥೆಯನ್ನೋ, ಅಜ್ಜಿ ಹೇಳಿದ ಹಸೆಯ ಹಾಡುಗಳನ್ನೋ ಯಾರೋ ಶ್ರಮವಹಿಸಿ ಬೆರಳಚ್ಚು ಮಾಡಿಟ್ಟಿರುತ್ತಾರೆ. ತಾತನೂ ಇಲ್ಲ, ಅಜ್ಜಿಯೂ ಇಲ್ಲ. ಉಳಿದಿರುವುದು ಆ ಕಡತವೊಂದೆ. ಹೊಸ ಯಂತ್ರದಲ್ಲಿ ಅದನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣದು. ಓರೆಗೀಟು ಹೊತ್ತ ರೋಮನ್ 'ಎ' ಅಕ್ಷರಗಳು, ಪೌಂಡ್ ನಾಣ್ಯದ ಚಿಹ್ನೆಗಳು, ಯಾವ ಭಾಷೆಯವೋ ತಿಳಿಯದ ಗುರುತುಗಳು ಪುಟದ ತುಂಬ ಚೆಲ್ಲಿರುತ್ತವೆ. ಕಡತ ಹಾಳಾಯಿತೆಂದು ನೊಂದು ಅಳಿಸಿಹಾಕಿದವರೂ ಇದ್ದಾರೆ. ವಾಸ್ತವವಾಗಿ ಅದು ಹಾಳಾಗಿರುವುದಿಲ್ಲ.

ಕಾರಣ ಇಷ್ಟು. ಮೊದಲು ಕನ್ನಡಕ್ಕೆಂದೇ ಗಣಕಯಂತ್ರದಲ್ಲಿ ಪ್ರತ್ಯೇಕ ಸ್ಥಾನ ಬಳಕೆಗೆ ಬಂದಿರಲಿಲ್ಲ. ಆಗ 'ನುಡಿ', 'ಬರಹ' ಮುಂತಾದ ತಂತ್ರಾಂಶಗಳು ಒಂದು ಜಾಣ ಉಪಾಯವನ್ನು ಅನುಸರಿಸಿದವು. ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದವು. ತಲೆಕಟ್ಟಿಗೆ ಓರೆಗೀಟಿನ 'ಎ' ಅಕ್ಷರದ ಸ್ಥಾನ ದೊರಕಿತು. 'ನ' ಕಾರದ ಒಡಲಿಗೆ ಪೌಂಡ್ ಚಿಹ್ನೆಯ ಸ್ಥಾನ. ತಲೆಕಟ್ಟು ಕನ್ನಡದಲ್ಲಿ ಪದೇಪದೇ ಬರುವುದರಿಂದಲೇ ಕೆಟ್ಟಂತೆ ಕಾಣುವ ಪುಟದಲ್ಲಿ ಆ 'ಎ' ಅಷ್ಟು ಹೇರಳವಾಗಿರುವುದು. ಆ ಅಕ್ಷರಶೈಲಿ, ಎಂದರೆ ಫಾಂಟ್, ಯಂತ್ರದಲ್ಲಿ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ವೇಷ ಕಳಚಿದ ನಟನಂತೆ ಒಳಗಿನ ರೋಮನ್ ಚಿಹ್ನೆ ಮುಂದೆ ನಿಲ್ಲುತ್ತದೆ.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳು ಮೀಸಲಾದವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟೂ ಬಂತು. ಇದರಲ್ಲಿ ಅಕ್ಷರದ ಆಕಾರವಲ್ಲ, ಅಕ್ಷರವೇ ದಾಖಲಾಗುತ್ತದೆ. 'ಕ್ಷ' ಎಂಬುದು ಕಕಾರ, ವಿರಾಮ, ಷಕಾರ ಎಂಬ ಉಚ್ಚಾರದ ಕ್ರಮದಲ್ಲಿ ಉಳಿಯುತ್ತದೆ. ಒತ್ತಕ್ಷರವಾಗಿ ಜೋಡಿಸಿ ತೋರಿಸುವ ಕೆಲಸ ಯಂತ್ರದ್ದು. ಆದುದರಿಂದ ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಒಂದು ಪದವನ್ನು ಹುಡುಕಿದರೆ ಸಿಗುತ್ತದೆ.

ಹಳೆಯ ಕಡತವನ್ನು ಉಳಿಸಿಕೊಳ್ಳುವ ಕ್ರಮ ಹೀಗೆ. ಮೊಟ್ಟಮೊದಲು ಮೂಲ ಕಡತದ ಇನ್ನೊಂದು ಪ್ರತಿ ಮಾಡಿ, ಮೂಲವನ್ನು ಮುಟ್ಟದೆ ಇಡಬೇಕು. ಅನಂತರ ಪ್ರತಿಯನ್ನು ತೆರೆದು, ಎಲ್ಲವನ್ನೂ ಆರಿಸಿ, ಫಾಂಟುಗಳ ಪಟ್ಟಿಯಲ್ಲಿ 'ನುಡಿ' ಎಂದೋ 'ಬಿ.ಆರ್.ಎಚ್.' ಎಂದೋ ಮೊದಲಾಗುವ ಹೆಸರನ್ನು ಆರಿಸಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಆಯಾ ತಂತ್ರಾಂಶವನ್ನು ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬೇಕು. ಅಕ್ಷರಗಳು ಕಣ್ಣಿಗೆ ಬಿದ್ದೊಡನೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಅದನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಮಾರ್ಪಡಿಸಿ ಬೇರೆ ಹೆಸರಿನಲ್ಲಿ ಉಳಿಸುವುದು. ಪರಿವರ್ತಕಕ್ಕೆ ವಿವೇಚನೆಯಿಲ್ಲ; ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡದ ತುಣುಕುಗಳೆಂದು ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುತ್ತದೆ. ಅರ್ಕಾವತ್ತು, ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಅಜ್ಜಿಯ ಹಾಡುಗಳಿಗಾಗಿ ಎರಡು ಭಾನುವಾರ ಖರ್ಚಾದರೆ ನಷ್ಟವೇನೂ ಇಲ್ಲ.

ಕೀಲಿಮಣೆಯನ್ನು ಒಗ್ಗಿಸಿಕೊಳ್ಳುವುದು

ಇಂದು ಕನ್ನಡ ಬರೆಯಲು ಬೇರೆ ಕೀಲಿಮಣೆ ಕೊಳ್ಳಬೇಕಾದುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ 'ಇನ್‌ಸ್ಕ್ರಿಪ್ಟ್' ವಿನ್ಯಾಸ ದೊರಕುತ್ತದೆ. ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ಮೂಡುವ ವ್ಯವಸ್ಥೆಯೂ ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಸೇರಿದೆ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸಕ್ಕೆ ಕೈ ಒಗ್ಗಿದವರು, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯಲ್ಲಿ ಅದೇ ಕ್ರಮವನ್ನು ಮುಂದುವರಿಸಬಹುದು. ವಿಂಡೋಸ್ ಗುಂಡಿಯನ್ನು ಹಿಡಿದು ಉದ್ದನೆಯ ಖಾಲಿ ಗುಂಡಿಯನ್ನು ಒತ್ತಿದರೆ ಭಾಷೆ ಬದಲಾಗುತ್ತದೆ. "ಇದ್ದಕ್ಕಿದ್ದಂತೆ ಇಂಗ್ಲಿಷ್ ಬರುತ್ತಿಲ್ಲ" ಎಂಬ ದೂರಿಗೆ ಬಹುತೇಕ ಕಾರಣ, ತಿಳಿಯದೆ ಈ ಜೋಡಿಗುಂಡಿಯನ್ನು ಒತ್ತಿರುವುದೇ.

ಕನ್ನಡ ಬರೆಯುವವರನ್ನು ಕಾಡುವ ಇನ್ನೊಂದು ದೋಷ: 'ಸಾಫ್ಟ್‌ವೇರ್' ಎಂದು ಬರೆಯಹೋದರೆ 'ಸಾಫ್ಟ್ವೇರ್' ಎಂದು ಒತ್ತಕ್ಷರಗಳು ಒಂದರ ಕೆಳಗೊಂದು ರಾಶಿ ಬೀಳುತ್ತವೆ. ಎರಡು ಅಕ್ಷರಗಳು ಕೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ತಡೆಯನ್ನು ಇಡಬೇಕು. ವರ್ಡ್‌ನಲ್ಲಿ ಅರ್ಧಾಕ್ಷರವಾದೊಡನೆ ಇಂಗ್ಲಿಷಿಗೆ ತಿರುಗಿ, 200 ಎಂಬ ಅಂಕೆಗಳನ್ನೂ ಒಡನೆ ರೋಮನ್ 'ಸಿ' ಅಕ್ಷರವನ್ನೂ ಒತ್ತಿ, ಆಮೇಲೆ 'ಆಲ್ಟ್' ಹಿಡಿದು 'ಎಕ್ಸ್' ಒತ್ತಿದರೆ ಆ ನಾಲ್ಕು ಗುರುತುಗಳು ಮಾಯವಾಗಿ ತಡೆ ನಿಲ್ಲುತ್ತದೆ. ಬಳಿಕ ಕನ್ನಡಕ್ಕೆ ಮರಳಿ ಮುಂದಿನ ಅಕ್ಷರವನ್ನು ಬರೆಯಬೇಕು. ಪ್ರತಿಸಲ ಇಷ್ಟು ಶ್ರಮ ಏಕೆ ಎನ್ನುವವರಿಗೆ ಮುಂದಿನ ಉಪಾಯವಿದೆ.

ಅವಸರದ ಸಹಾಯಕ

ವರ್ಡ್ ತಂತ್ರಾಂಶದಲ್ಲಿ 'ಆಟೋ ಕರೆಕ್ಟ್' ಎಂಬ ಅವಸರದ ಸಹಾಯಕನಿದ್ದಾನೆ. ಕೇಳದಿದ್ದರೂ ತಿದ್ದುತ್ತಾನೆ. ಅವನು ತಿದ್ದಿದ್ದು ಬೇಡವಾದರೆ ಕೂಡಲೇ 'ಕಂಟ್ರೋಲ್' ಹಿಡಿದು 'ಜೆಡ್' ಒತ್ತಬೇಕು. ಬರೆದ ಪದ ಉಳಿದು ಅವನ ತಿದ್ದುಪಡಿ ಮಾತ್ರ ರದ್ದಾಗುತ್ತದೆ. ಮನೆಮಂದಿಯ ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದು ತಪ್ಪೆಂದು ಹೇಳುತ್ತಿದ್ದರೆ, ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಆಡ್ ಟು ಡಿಕ್ಷನರಿ' ಎಂದರೆ ಮತ್ತೆ ತಂಟೆ ಮಾಡುವುದಿಲ್ಲ.

ಇದೇ ಸಹಾಯಕನಿಂದ ಒಳ್ಳೆಯ ಸೇವೆಯನ್ನೂ ಪಡೆಯಬಹುದು. 'ಫೈಲ್', 'ಆಪ್ಷನ್ಸ್', 'ಪ್ರೂಫಿಂಗ್' ಎಂಬಲ್ಲಿಗೆ ಹೋದರೆ ಅವನ ಪಟ್ಟಿ ಸಿಗುತ್ತದೆ. ಒಂದು ಬದಿಯಲ್ಲಿ ಎರಡು ಮೂರು ಅಕ್ಷರಗಳ ಸಂಕೇತವನ್ನೂ ಇನ್ನೊಂದು ಬದಿಯಲ್ಲಿ ಮನೆಯ ಪೂರ್ಣ ವಿಳಾಸವನ್ನೂ ಬರೆದಿಟ್ಟರೆ, ಸಂಕೇತವನ್ನು ಒತ್ತಿ ಜಾಗ ಬಿಟ್ಟೊಡನೆ ವಿಳಾಸವೆಲ್ಲ ಮೂಡುತ್ತದೆ. ಒಮ್ಮೆ ಸರಿಯಾಗಿ ಬರೆದ 'ಸಾಫ್ಟ್‌ವೇರ್', 'ರಾಜ್‌ಕುಮಾರ್' ಮುಂತಾದ ಪದಗಳನ್ನೂ ಹೀಗೆಯೇ ದಾಸ್ತಾನು ಮಾಡಬಹುದು. ಸಂಕೇತ ಮಾತ್ರ ನಿಜವಾದ ಪದವಾಗಿರಕೂಡದು. ಆದರೆ ಪ್ರತಿಸಲ ಆ ಪದ ಬಂದಲ್ಲೆಲ್ಲ ವಿಳಾಸ ಬಂದು ಕುಳಿತೀತು.

ದೂರದ ಬಂಧುಗಳಿಗೆ ಕನ್ನಡದ ಲಗ್ನಪತ್ರಿಕೆಯನ್ನು ಕಳುಹಿಸುವಾಗ ಪಿ.ಡಿ.ಎಫ್. ರೂಪದಲ್ಲಿ ಉಳಿಸಿ ಕಳುಹಿಸುವುದು ಲೇಸು. ಅದು ಅಕ್ಷರಶೈಲಿಯನ್ನು ತನ್ನೊಳಗೇ ಹೊತ್ತುಕೊಂಡು ಹೋಗುವುದರಿಂದ ಇಲ್ಲಿ ಕಂಡಂತೆಯೇ ಅಲ್ಲಿಯೂ ಕಾಣುತ್ತದೆ.

ಬರೆದದ್ದು ಕಳೆಯದಂತೆ

ವಿದ್ಯುತ್ ಹೋದಾಗ ಬರೆದದ್ದೆಲ್ಲ ಹೋಯಿತೆಂಬ ಅಳಲು ಎಲ್ಲ ಮನೆಗಳಲ್ಲಿಯೂ ಇದೆ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ತಾನಾಗಿ ಒಂದು ಪ್ರತಿಯನ್ನು ಕಾದಿಡುತ್ತದೆ. 'ಆಪ್ಷನ್ಸ್'ನ 'ಸೇವ್' ವಿಭಾಗದಲ್ಲಿ ಇದನ್ನು 2 ನಿಮಿಷಕ್ಕೆ ಇಳಿಸಿದರೆ ನಷ್ಟವೂ ಎರಡೇ ನಿಮಿಷದ್ದು. ಹೆಸರೇ ಕೊಡದೆ ಮುಚ್ಚಿದ ಬರಹವನ್ನೂ 'ಫೈಲ್', 'ಇನ್ಫೋ', 'ಮ್ಯಾನೇಜ್ ಡಾಕ್ಯುಮೆಂಟ್' ಎಂಬಲ್ಲಿ ಹುಡುಕಿ ನೋಡಬೇಕು. ಅನೇಕ ವೇಳೆ ಅಲ್ಲಿ ಸಿಕ್ಕುತ್ತದೆ. ಕಡತಗಳ ಹೆಸರಿನ ಮೊದಲಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-04-05 ಎಂದು ಬರೆದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗೂಡುತ್ತವೆ. ಮುಖ್ಯವಾದ ಕಾಗದಪತ್ರಗಳ ಒಂದು ಪ್ರತಿ ಯಂತ್ರದ ಹೊರಗೆ, ಸಾಧ್ಯವಾದರೆ ಮನೆಯ ಹೊರಗೆ, ಇರತಕ್ಕದ್ದು.

ಹಿರಿಯರ ಕಣ್ಣು, ಹಿರಿಯರ ಕೈ

ಅಕ್ಷರ ಕಾಣುವುದಿಲ್ಲವೆಂದು ಹಿರಿಯರು ಯಂತ್ರದಿಂದ ದೂರ ಸರಿಯುವುದುಂಟು. ಸೆಟ್ಟಿಂಗ್ಸ್‌ನ 'ಆಕ್ಸೆಸಿಬಿಲಿಟಿ' ವಿಭಾಗದಲ್ಲಿ ಅಕ್ಷರದ ಗಾತ್ರವನ್ನು ಶೇಕಡ 225ರವರೆಗೆ ಹಿಗ್ಗಿಸಬಹುದು. ಮೌಸಿನ ಬಾಣದ ಗುರುತನ್ನೂ ದೊಡ್ಡದು ಮಾಡಬಹುದು. ಅಂತರಜಾಲದ ಪುಟವನ್ನು ಮಾತ್ರ ಹಿಗ್ಗಿಸಲು 'ಕಂಟ್ರೋಲ್' ಹಿಡಿದು ಕೂಡುವ ಚಿಹ್ನೆಯನ್ನು ಒತ್ತಬೇಕು. ಮೊದಲಿನಂತಾಗಲು 'ಕಂಟ್ರೋಲ್' ಮತ್ತು ಸೊನ್ನೆ. ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿಯಲು ಬೆರಳು ಒಪ್ಪದವರಿಗೆ 'ಸ್ಟಿಕಿ ಕೀಸ್' ಎಂಬ ಅನುಕೂಲವಿದೆ: ಒಂದಾದ ಮೇಲೊಂದು ಒತ್ತಿದರೂ ಒಟ್ಟಿಗೆ ಒತ್ತಿದಂತೆಯೇ ಯಂತ್ರ ಎಣಿಸುತ್ತದೆ. 'ಶಿಫ್ಟ್' ಗುಂಡಿಯನ್ನು ಐದು ಬಾರಿ ಒತ್ತಿದರೆ ಅದು ಬೇಕೆ ಎಂಬ ಪ್ರಶ್ನೆ ಮೂಡುತ್ತದೆ. ಮಕ್ಕಳು ಆಟವಾಡುವಾಗ ಈ ಪ್ರಶ್ನೆ ಬಂದು ತೊಂದರೆಯಾದರೆ ಅದೇ ವಿಭಾಗದಲ್ಲಿ ಆ ಐದರ ಅಭ್ಯಾಸವನ್ನು ನಿಲ್ಲಿಸಬಹುದು.

ಯಂತ್ರ ಮುಷ್ಕರ ಹೂಡಿದಾಗ

ಒಂದು ತಂತ್ರಾಂಶ ಮಿಸುಕದೆ ನಿಂತರೆ ತಂತಿಯನ್ನು ಕಿತ್ತೆಳೆಯಬಾರದು. ಎರಡು ನಿಮಿಷ ಕಾಯಬೇಕು. ಆಗಲೂ ಏಳದಿದ್ದರೆ 'ಕಂಟ್ರೋಲ್', 'ಶಿಫ್ಟ್', 'ಎಸ್ಕೇಪ್' ಮೂರನ್ನೂ ಒಟ್ಟಿಗೆ ಒತ್ತಿ, ಮೂಡುವ ಪಟ್ಟಿಯಲ್ಲಿ ಆ ತಂತ್ರಾಂಶವೊಂದನ್ನೇ ಆರಿಸಿ 'ಎಂಡ್ ಟಾಸ್ಕ್' ಎನ್ನಬೇಕು. ಅದರಲ್ಲಿ ಉಳಿಸದೆ ಬಿಟ್ಟದ್ದು ಹೋದೀತು. ಉಳಿದ ಕೆಲಸಗಳು ಕ್ಷೇಮವಾಗಿರುತ್ತವೆ. ಯಂತ್ರ ಏಳುವುದೇ ನಿಧಾನವಾದರೆ ಅದೇ ಪಟ್ಟಿಯ 'ಸ್ಟಾರ್ಟಪ್' ವಿಭಾಗವನ್ನು ನೋಡಬೇಕು. ಬೆಳಗಾದೊಡನೆ ಕರೆಯದೆ ಬಂದು ಕೂರುವ ಅತಿಥಿಗಳ ಹೆಸರುಗಳು ಅಲ್ಲಿವೆ. ವೈರಸ್ ತಡೆಯುವ ತಂತ್ರಾಂಶವನ್ನು ಬಿಟ್ಟು, ಅನಾವಶ್ಯಕವೆಂದು ಖಚಿತವಾದವುಗಳನ್ನು ತಡೆಯಬಹುದು.

"ರಾತ್ರಿ ಮುಚ್ಚಿ ಬೆಳಗ್ಗೆ ತೆರೆದರೂ ದೋಷ ಹಾಗೆಯೇ ಇದೆ" ಎಂದು ಕೆಲವರು ಅಚ್ಚರಿಪಡುತ್ತಾರೆ. ಬೇಗ ಏಳಲೆಂದು ಇಂದಿನ ವಿಂಡೋಸ್, 'ಶಟ್ ಡೌನ್' ಎಂದಾಗ ತನ್ನ ಒಂದು ಭಾಗವನ್ನು ಹಾಗೆಯೇ ತಟ್ಟೆಯ ಮೇಲೆ ಬರೆದಿಟ್ಟುಕೊಂಡು ಮಲಗುತ್ತದೆ. ಮರುದಿನ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. 'ರೀಸ್ಟಾರ್ಟ್' ಎಂದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಆದುದರಿಂದ ದೋಷ ಕಂಡಾಗ ಆರಿಸಬೇಕಾದುದು 'ರೀಸ್ಟಾರ್ಟ್'.

ಮುಟ್ಟಬಾರದ ಬಾಗಿಲು

ಮನೆಮದ್ದಿಗೂ ಒಂದು ಮಿತಿಯಿದೆ. 'ರಿಜಿಸ್ಟ್ರಿ' ಎಂಬ ಒಳಕೋಣೆಗೆ ಅರಿಯದವರು ಕೈಹಾಕಬಾರದು. ವೇಗ ಹೆಚ್ಚಿಸುವುದಾಗಿಯೂ ಕಸ ಗುಡಿಸುವುದಾಗಿಯೂ ಹೇಳಿಕೊಳ್ಳುವ ಉಚಿತ ತಂತ್ರಾಂಶಗಳನ್ನು ಒಳಗೆ ಬಿಟ್ಟುಕೊಳ್ಳಬಾರದು. "ನಿಮ್ಮ ಕಂಪ್ಯೂಟರಿನಲ್ಲಿ ದೋಷವಿದೆ, ನಾವು ಇಲ್ಲಿಂದಲೇ ಸರಿಮಾಡುತ್ತೇವೆ" ಎಂದು ಅಪರಿಚಿತರು ದೂರವಾಣಿ ಮಾಡಿದರೆ ಒಡನೆ ಕೆಳಗಿಡತಕ್ಕದ್ದು. ಅವರು ಕೇಳುವುದು ಯಂತ್ರದ ಕೀಲಿಯನ್ನಲ್ಲ, ಬ್ಯಾಂಕಿನ ಕೀಲಿಯನ್ನು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುತ್ತಿರುವವರು ಹಣಕಾಸಿನ ವ್ಯವಹಾರಕ್ಕೆ ಮುನ್ನ ಹೊಸ ಆವೃತ್ತಿಯ ವಿಷಯವನ್ನು ಯೋಚಿಸುವುದು ಕ್ಷೇಮಕರ.

ಕಡೆಯದಾಗಿ, ಯಂತ್ರದ ಪಕ್ಕದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಏನನ್ನು ಬದಲಾಯಿಸಿದರೂ ತಾರೀಖು, ಸ್ಥಳ, ಮೊದಲು ಹೇಗಿತ್ತು ಎಂಬ ಮೂರನ್ನು ಅದರಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದರ ಫಲ ನೋಡಿ ಇನ್ನೊಂದು. ಹೀಗೆ ಮಾಡಿದವರು ಎಂದೂ ದಾರಿ ತಪ್ಪುವುದಿಲ್ಲ. ತಪ್ಪಿದರೂ ಬಂದ ದಾರಿಯಲ್ಲಿ ಹಿಂದಿರುಗಬಲ್ಲರು. ಪಕ್ಕದ ಮನೆಯ ಹುಡುಗನೂ ತನ್ನ ಪಾಠವನ್ನು ನೆಮ್ಮದಿಯಾಗಿ ಓದಿಕೊಂಡಾನು.